ಕೆಲಸ, ಕೂಲಿ, ಕಂಪನಿ: ಸರ್ಕಾರಿ ದಾಖಲೆಗಳಲ್ಲಿ ಮಾಹಿತಿ ಹುಡುಕುವುದು ಹೇಗೆ

ದೇಶದಲ್ಲಿ ನಿರುದ್ಯೋಗ ಎಷ್ಟಿದೆ? ವೆಲ್ಡಿಂಗ್ ಕೆಲಸಕ್ಕೆ ಕನಿಷ್ಠ ಕೂಲಿ ಎಷ್ಟು? ಇಂಟರ್‌ವ್ಯೂಗೆ ಕರೆದಿರುವ ಕಂಪನಿಯಲ್ಲಿ ನಿಜಕ್ಕೂ ಜನ ಕೆಲಸ ಮಾಡುತ್ತಿದ್ದಾರೆಯೇ? ಈ ಮೂರು ಪ್ರಶ್ನೆಗೂ ಉತ್ತರ ಸರ್ಕಾರದ ಬಳಿ ಇದೆ, ಕಾಸು ಕೊಡದೆ ಸಿಗುತ್ತದೆ. ಆದರೆ ಮೂರೂ ಬೇರೆ ಬೇರೆ ಇಲಾಖೆಗಳ ಕಪಾಟಿನಲ್ಲಿವೆ, ಮೂರರ ಸ್ವಭಾವವೂ ಬೇರೆ. ಮೊದಲನೆಯದು ಸಮೀಕ್ಷೆಯಿಂದ ಬಂದ ಅಂದಾಜು. ಎರಡನೆಯದು ಅಧಿಸೂಚನೆ, ಅಂದರೆ ಕಾನೂನಿನ ಬಲವಿರುವ ಮಾತು. ಮೂರನೆಯದು ಯಾರೋ ಕಟ್ಟಿದ ದುಡ್ಡಿನ ಲೆಕ್ಕ. ಸಮೀಕ್ಷೆಯ ಸರಾಸರಿ ಕೂಲಿಯನ್ನು ಹಿಡಿದುಕೊಂಡು ಮಾಲೀಕರ ಹತ್ತಿರ ಹಕ್ಕು ಕೇಳಲಾಗದು. ಪಿಎಫ್, ಅಂದರೆ ಭವಿಷ್ಯ ನಿಧಿ ಖಾತೆಗಳ ಸಂಖ್ಯೆ ನೋಡಿ ಊರಿನಲ್ಲಿ ಎಷ್ಟು ಜನಕ್ಕೆ ಕೆಲಸವಿದೆ ಎಂದು ಹೇಳಲೂ ಆಗದು. ಎಡವಟ್ಟುಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದು ಇಲ್ಲೇ.

ಹಾಗಾಗಿ ಯಾವುದೇ ಜಾಲತಾಣ ತೆರೆಯುವ ಮೊದಲು ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಯಾವ ಕೆಲಸ, ಯಾವ ಉದ್ಯಮ, ಯಾವ ಜಾಗ, ಯಾವ ಅವಧಿ. ಕೆಲಸ ಮತ್ತು ಉದ್ಯಮ ಎರಡೂ ಒಂದೇ ಎಂದುಕೊಂಡವರು ಬೇಗ ದಾರಿ ತಪ್ಪುತ್ತಾರೆ. ಸರ್ಕಾರಿ ಅಂಕಿಅಂಶಗಳಲ್ಲಿ ಕಸುಬಿಗೆ ಒಂದು ಸಂಕೇತವಿದೆ, ಅದು ರಾಷ್ಟ್ರೀಯ ಕಸುಬು ವರ್ಗೀಕರಣ, ಎನ್‌ಸಿಒ 2015. ಉದ್ಯಮಕ್ಕೆ ಇನ್ನೊಂದು, ರಾಷ್ಟ್ರೀಯ ಕೈಗಾರಿಕಾ ವರ್ಗೀಕರಣ, ಎನ್‌ಐಸಿ 2008. ಬಸ್ ಬಾಡಿ ಕಟ್ಟುವ ಕಾರ್ಖಾನೆಯ ವೆಲ್ಡರ್‌ನನ್ನು ತೆಗೆದುಕೊಳ್ಳಿ. ಅವನ ಕಸುಬಿನ ಸಂಕೇತ 7212, ಉದ್ಯಮದ ಸಂಕೇತ 2920. ಅದೇ ಕಾರ್ಖಾನೆಯ ಕ್ಯಾಂಟೀನ್ ಅಡುಗೆಯವನಿಗೆ ಕಾರ್ಖಾನೆಯೇ ಸಂಬಳ ಕೊಟ್ಟರೆ ಅವನ ಉದ್ಯಮವೂ 2920. ಕ್ಯಾಂಟೀನನ್ನು ಹೊರಗಿನ ಗುತ್ತಿಗೆದಾರನಿಗೆ ಕೊಟ್ಟಿದ್ದರೆ ಅವನು ಆಹಾರ ಸೇವೆಯ ಲೆಕ್ಕಕ್ಕೆ ಹೋಗುತ್ತಾನೆ. ಸೌಟು ಹಿಡಿಯುವ ಜಾಗ ಅದೇ, ಲೆಕ್ಕ ಮಾತ್ರ ಬೇರೆ ಕೋಷ್ಟಕದಲ್ಲಿ. ಎರಡೂ ವರ್ಗೀಕರಣಗಳ ಪಿಡಿಎಫ್ ಪುಸ್ತಕಗಳು ಸಿಗುತ್ತವೆ. ಬೇಕಾದ ಪುಟ ಹುಡುಕಿ ಸಂಕೇತ ಗುರುತು ಹಾಕಿಟ್ಟುಕೊಂಡರೆ ಮುಂದಿನ ಕೆಲಸ ಹಗುರ.

ನಿರುದ್ಯೋಗದ ಅಂಕಿಯನ್ನು ಓದುವ ಬಗೆ

ಇದಕ್ಕೆ ಮುಖ್ಯ ಮೂಲ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆ. ಎಲ್ಲರ ಬಾಯಲ್ಲೂ ಇದು ಪಿಎಲ್‌ಎಫ್‌ಎಸ್. ರಾಷ್ಟ್ರೀಯ ಸಾಂಖ್ಯಿಕ ಕಚೇರಿ ಇದನ್ನು 2017ರ ಏಪ್ರಿಲ್‌ನಲ್ಲಿ ಶುರುಮಾಡಿತು. ಅದಕ್ಕೂ ಮೊದಲು ಐದು ವರ್ಷಕ್ಕೊಮ್ಮೆಯಂತೆ ನಡೆಯುತ್ತಿದ್ದ ದೊಡ್ಡ ಸಮೀಕ್ಷೆಗಳಿದ್ದವು, ಕೊನೆಯದು 2011-12ರದ್ದು. ವರದಿಗಳು ಕೇಂದ್ರ ಸಾಂಖ್ಯಿಕ ಮತ್ತು ಕಾರ್ಯಕ್ರಮ ಅನುಷ್ಠಾನ ಸಚಿವಾಲಯದ ತಾಣದಲ್ಲಿವೆ. ಅದೇ ಸಚಿವಾಲಯದ ಇ-ಸಾಂಖ್ಯಿಕಿ ಪೋರ್ಟಲ್‌ನಲ್ಲಿ ರಾಜ್ಯ, ಲಿಂಗ, ವಯಸ್ಸು ಆಯ್ದು ಕೋಷ್ಟಕವನ್ನು ಎಕ್ಸೆಲ್ ರೂಪದಲ್ಲಿ ಇಳಿಸಿಕೊಳ್ಳಬಹುದು. ನೂರಾರು ಪುಟದ ಪಿಡಿಎಫ್ ತಿರುವುವುದಕ್ಕಿಂತ ಅದೇ ವಾಸಿ.

ವರದಿಯಲ್ಲಿ ಮೂರು ದರಗಳು ಸದಾ ಜೊತೆಯಾಗಿ ಬರುತ್ತವೆ. ಕಾರ್ಮಿಕ ಬಲದ ಭಾಗವಹಿಸುವಿಕೆ ದರ ಎಂದರೆ ಕೆಲಸದಲ್ಲಿರುವವರು ಮತ್ತು ಕೆಲಸಕ್ಕೆ ಸಿದ್ಧರಿರುವವರು ಒಟ್ಟು ಜನಸಂಖ್ಯೆಯಲ್ಲಿ ಎಷ್ಟು ಪಾಲು ಎಂಬುದು. ಕೆಲಸಗಾರರ ಅನುಪಾತ ಎಂದರೆ ಕೆಲಸದಲ್ಲಿರುವವರ ಪಾಲು ಮಾತ್ರ. ನಿರುದ್ಯೋಗ ದರವನ್ನು ಲೆಕ್ಕ ಹಾಕುವುದು ಜನಸಂಖ್ಯೆಯ ಮೇಲಲ್ಲ, ಕಾರ್ಮಿಕ ಬಲದ ಮೇಲೆ. 2023ರ ಜುಲೈನಿಂದ 2024ರ ಜೂನ್‌ವರೆಗಿನ ವಾರ್ಷಿಕ ವರದಿಯಲ್ಲಿ, 15 ವರ್ಷ ಮೇಲ್ಪಟ್ಟವರಿಗೆ, ಇಡೀ ದೇಶದ ಲೆಕ್ಕ ಹೀಗಿದೆ: ಭಾಗವಹಿಸುವಿಕೆ ಶೇ. 60.1, ಕೆಲಸಗಾರರ ಅನುಪಾತ ಶೇ. 58.2. ಎರಡರ ವ್ಯತ್ಯಾಸ 1.9. ಅದನ್ನು 60.1ರಿಂದ ಭಾಗಿಸಿದರೆ ಶೇ. 3.2, ವರದಿ ಕೊಡುವ ನಿರುದ್ಯೋಗ ದರವೂ ಅದೇ. ಯಾವ ಸುದ್ದಿಯಲ್ಲೇ ಈ ಮೂರು ಅಂಕಿ ಕಂಡರೂ ಹೀಗೊಮ್ಮೆ ತಾಳೆ ನೋಡಿ. ತಾಳೆಯಾಗದಿದ್ದರೆ ಎಲ್ಲೋ ಎರಡು ಕೋಷ್ಟಕ ಬೆರೆತಿವೆ ಎಂದೇ ಅರ್ಥ. ಕೆಲಸ ಹುಡುಕಿ ಬೇಸತ್ತು ಕೈಬಿಟ್ಟವರು, ಓದುತ್ತಿರುವವರು, ಮನೆಗೆಲಸದಲ್ಲೇ ಇರುವವರು ಕಾರ್ಮಿಕ ಬಲದಿಂದಲೇ ಹೊರಗೆ ಇರುತ್ತಾರೆ, ನಿರುದ್ಯೋಗಿಗಳ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ನಿರುದ್ಯೋಗ ದರ ಇಳಿದಿದೆ ಎಂದ ಕೂಡಲೇ ಭಾಗವಹಿಸುವಿಕೆ ಏರಿದೆಯೋ ಇಳಿದಿದೆಯೋ ನೋಡಲೇಬೇಕು.

ಎರಡನೆಯ ಬಲೆ ಇನ್ನೂ ದೊಡ್ಡದು. ಒಬ್ಬ ವ್ಯಕ್ತಿ ಕೆಲಸದಲ್ಲಿದ್ದಾನೆಯೇ ಎಂದು ಸಮೀಕ್ಷೆ ಎರಡು ಅಳತೆಗೋಲಿನಿಂದ ಅಳೆಯುತ್ತದೆ. ಸಾಮಾನ್ಯ ಸ್ಥಿತಿ ಎಂಬುದು ಹಿಂದಿನ 365 ದಿನಗಳ ಲೆಕ್ಕ. ವರ್ಷದ ಹೆಚ್ಚಿನ ಕಾಲ ಏನು ಮಾಡಿದರು ಎಂಬುದರ ಜೊತೆಗೆ, ಕನಿಷ್ಠ 30 ದಿನ ಮಾಡಿದ ಉಪಕೆಲಸವನ್ನೂ ಇದು ಒಳಗೊಳ್ಳುತ್ತದೆ. ಪ್ರಸಕ್ತ ವಾರದ ಸ್ಥಿತಿ ಎಂಬುದು ಹಿಂದಿನ ಏಳು ದಿನದ ಲೆಕ್ಕ, ಆ ವಾರದ ಯಾವುದಾದರೂ ಒಂದು ದಿನ ಒಂದು ಗಂಟೆ ದುಡಿದಿದ್ದರೂ ಸಾಕು. ರಾಗಿ ಕೊಯ್ಲಿನಲ್ಲಿ ಎರಡು ತಿಂಗಳು ದುಡಿದು ಈ ವಾರ ಕೆಲಸ ಕೇಳಿಕೊಂಡು ತಿರುಗುತ್ತಿರುವ ಹೆಣ್ಣುಮಗಳು ಮೊದಲ ಲೆಕ್ಕದಲ್ಲಿ ಕೆಲಸಗಾರ್ತಿ, ಎರಡನೆಯದರಲ್ಲಿ ನಿರುದ್ಯೋಗಿ. ಹೀಗಾಗಿ ವಾರದ ಲೆಕ್ಕದ ನಿರುದ್ಯೋಗ ದರ ಸಾಮಾನ್ಯವಾಗಿ ಹೆಚ್ಚಿರುತ್ತದೆ. 2025ರ ಜನವರಿಯಿಂದ ಸಮೀಕ್ಷೆಯ ವಿನ್ಯಾಸ ಬದಲಾಗಿ, ಮಾದರಿಯ ಗಾತ್ರ ಹಿಗ್ಗಿ, ತಿಂಗಳ ಬುಲೆಟಿನ್ ಬರತೊಡಗಿತು. ಮೊದಲ ಬುಲೆಟಿನ್ 2025ರ ಏಪ್ರಿಲ್‌ನದು. ಅದರಲ್ಲಿ ನಿರುದ್ಯೋಗ ಶೇ. 5.1. ಇದನ್ನು ಹಿಂದಿನ 3.2ರ ಪಕ್ಕದಲ್ಲಿಟ್ಟು ನಿರುದ್ಯೋಗ ಜಿಗಿದಿದೆ ಎನ್ನುವುದು ಸೇರನ್ನೂ ಲೀಟರನ್ನೂ ಹೋಲಿಸಿದಂತೆ. 3.2 ವರ್ಷದ ಲೆಕ್ಕ, 5.1 ವಾರದ ಲೆಕ್ಕ.

ತಿಂಗಳ ಬುಲೆಟಿನ್ ಇಡೀ ದೇಶದ ಮಟ್ಟದ್ದು. ಕರ್ನಾಟಕದ್ದು ಬೇಕಾದರೆ ತ್ರೈಮಾಸಿಕ ಅಥವಾ ವಾರ್ಷಿಕ ವರದಿಗೆ ಹೋಗಬೇಕು. 2023-24ರವರೆಗಿನ ವಾರ್ಷಿಕ ವರದಿಗಳಲ್ಲಿ ಜಿಲ್ಲಾವಾರು ದರ ಹುಡುಕಿ ಸಮಯ ಕಳೆಯಬೇಡಿ, ಆ ಸಮೀಕ್ಷೆಯ ವಿನ್ಯಾಸವೇ ಅದಕ್ಕೆ ಮಾಡಿದ್ದಲ್ಲ. ರಾಜ್ಯದೊಳಗೆ ನಗರ, ಮಹಿಳೆ, 15ರಿಂದ 29 ವಯಸ್ಸು ಎಂದು ಕತ್ತರಿಸುತ್ತಾ ಹೋದಷ್ಟೂ ಮಾದರಿಯಲ್ಲಿ ಉಳಿಯುವ ಜನ ಕಡಿಮೆಯಾಗಿ ಅಂಕಿ ತೊನೆದಾಡುತ್ತದೆ. ವರದಿಯಲ್ಲಿ ಸಾಪೇಕ್ಷ ದೋಷದ, ಅಂದರೆ ಅಂದಾಜು ಎಷ್ಟು ಆಚೀಚೆ ಆಗಿರಬಹುದು ಎಂಬುದರ ಕೋಷ್ಟಕ ಇರುತ್ತದೆ. ಅಲ್ಲಿ ದೋಷ ದೊಡ್ಡದಿದ್ದರೆ ಒಂದು ವರ್ಷದಿಂದ ಇನ್ನೊಂದಕ್ಕಾದ ಅರ್ಧ ಅಂಶದ ಏರಿಳಿತಕ್ಕೆ ಬೆಲೆ ಕೊಡಬೇಡಿ.

ಇನ್ನು, ಕೆಲಸದಲ್ಲಿದ್ದಾರೆ ಎಂದರೆ ಸಂಬಳ ಬರುತ್ತಿದೆ ಎಂದಲ್ಲ. ಮನೆಯ ಹೊಲದಲ್ಲೋ ಅಂಗಡಿಯಲ್ಲೋ ಕೂಲಿಯಿಲ್ಲದೆ ದುಡಿಯುವವರೂ ಈ ಸಮೀಕ್ಷೆಯಲ್ಲಿ ಕೆಲಸಗಾರರೇ. 2023-24ರಲ್ಲಿ ಕೆಲಸಗಾರರ ಪೈಕಿ ಶೇ. 58.4 ಸ್ವಂತ ದುಡಿಮೆಯವರು, ಶೇ. 21.7 ತಿಂಗಳ ಸಂಬಳದವರು, ಶೇ. 19.8 ದಿನಗೂಲಿಯವರು. ಈ ಒಂದು ಸಾಲು ನಿರುದ್ಯೋಗ ದರಕ್ಕಿಂತ ಹೆಚ್ಚು ಹೇಳುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಸಂಶೋಧನೆಗೆ ಕೂತವರು ಮೂಲ ದತ್ತಾಂಶವನ್ನೇ ಸಚಿವಾಲಯದ ಮೈಕ್ರೊಡೇಟಾ ತಾಣದಲ್ಲಿ ಹೆಸರು ನೋಂದಾಯಿಸಿ ಪುಕ್ಕಟೆ ಇಳಿಸಿಕೊಳ್ಳಬಹುದು. ಕಡತಗಳು ಹೆಚ್ಚಾಗಿ ಅಂಕಿಗಳ ಸಾಲುಸಾಲು ಪಠ್ಯ. ಯಾವ ಅಕ್ಷರಸ್ಥಾನದಲ್ಲಿ ಏನಿದೆ ಎಂಬುದು ಜೊತೆಗಿರುವ ಲೇಔಟ್ ಕಡತದಲ್ಲಿರುತ್ತದೆ. ಮೊದಲ ಸಲ ಕೈಹಾಕುವವರು ಮಾಡುವ ತಪ್ಪು ಒಂದೇ: ಪ್ರತಿ ಮನೆಗೆ ಕೊಟ್ಟಿರುವ ತೂಕವನ್ನು ಬಳಸದೆ ಸಾಲುಗಳನ್ನು ಎಣಿಸುವುದು, ಇಲ್ಲವೇ ರೀಡ್‌ಮಿಯಲ್ಲಿ ಹೇಳಿದಂತೆ ಭಾಗಿಸದೆ ನೇರ ಬಳಸುವುದು. 2023-24ರ ದತ್ತಾಂಶವಾದರೆ, ನಿಮ್ಮ ಲೆಕ್ಕದಲ್ಲಿ ಭಾಗವಹಿಸುವಿಕೆ ದರ 60.1 ಎಂದು ಬರುವವರೆಗೆ ಮುಂದಿನ ಯಾವ ಕೋಷ್ಟಕವನ್ನೂ ಮಾಡಬೇಡಿ.

ಕಂಪನಿ ನಿಜವೋ ಬೊಗಳೆಯೋ

ಕೆಲಸ ಹುಡುಕುವವರಿಗೆ ಇದಕ್ಕಿಂತ ಉಪಯೋಗದ ಸರ್ಕಾರಿ ಸೌಲಭ್ಯ ಇನ್ನೊಂದಿಲ್ಲ, ಆದರೂ ಗೊತ್ತಿರುವವರು ಕಡಿಮೆ. ಭವಿಷ್ಯ ನಿಧಿ ಸಂಘಟನೆಯ ತಾಣದಲ್ಲಿ ಉದ್ಯೋಗದಾತರ ವಿಭಾಗಕ್ಕೆ ಹೋದರೆ ಎಸ್ಟಾಬ್ಲಿಷ್‌ಮೆಂಟ್ ಸರ್ಚ್ ಎಂಬ ಕೊಂಡಿ ಇದೆ. ಲಾಗಿನ್ ಬೇಡ. ಕಂಪನಿಯ ಹೆಸರನ್ನೋ ಏಳಂಕಿಯ ಸಂಕೇತವನ್ನೋ ಹಾಕಿ, ಕ್ಯಾಪ್ಚಾ ತುಂಬಿ ಹುಡುಕಿದರೆ ಆ ಹೆಸರಿನ ಸಂಸ್ಥೆಗಳ ಪಟ್ಟಿ ಬರುತ್ತದೆ. ಬೇಕಾದುದನ್ನು ತೆರೆದು ಪಾವತಿ ವಿವರ ಒತ್ತಿದರೆ ತಿಂಗಳವಾರು ಸಾಲುಗಳು: ಯಾವ ತಿಂಗಳ ಸಂಬಳಕ್ಕೆ, ಯಾವ ದಿನ, ಎಷ್ಟು ಹಣ, ಎಷ್ಟು ನೌಕರರಿಗೆ ಕಟ್ಟಿದ್ದಾರೆ.

ಇದನ್ನು ಓದುವಾಗ ಮೂರು ಕಡೆ ಕಣ್ಣಿಡಿ. ನೌಕರರ ಸಂಖ್ಯೆಯ ಕಾಲಂನಲ್ಲಿ ಹಿಂದಿನ ಹನ್ನೆರಡು ತಿಂಗಳನ್ನು ಮೇಲಿಂದ ಕೆಳಕ್ಕೆ ನೋಡಿ. 140, 138, 96, 61 ಎಂದು ಇಳಿಯುತ್ತಿದ್ದರೆ ಇಂಟರ್‌ವ್ಯೂನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ನಿಮಗೆ ಸಿಕ್ಕಿತು. ಪಾವತಿಯ ದಿನಾಂಕ ನೋಡಿ; ಒಂದು ತಿಂಗಳ ಪಿಎಫ್ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು, ಎರಡು ಮೂರು ತಿಂಗಳದ್ದು ಒಟ್ಟಿಗೆ ಕಟ್ಟಿರುವ ಸಾಲುಗಳು ಪದೇ ಪದೇ ಕಂಡರೆ ಸಂಬಳವೂ ಹಾಗೆಯೇ ತಡವಾಗುವ ಸಂಭವ ಹೆಚ್ಚು. ಕೊನೆಯ ಪಾವತಿ ಆರು ತಿಂಗಳ ಹಿಂದಿನದಾದರೆ ಇನ್ನು ಹೇಳುವುದೇನಿದೆ.

ಹೆಸರು ಸಿಗಲಿಲ್ಲ ಎಂದಾಕ್ಷಣ ಮೋಸ ಎಂದು ತೀರ್ಮಾನಿಸಬೇಡಿ. ಫಲಕದ ಮೇಲಿನ ಹೆಸರು ಬೇರೆ, ನೋಂದಣಿಯ ಹೆಸರು ಬೇರೆ ಇರುತ್ತದೆ. ಆಫರ್ ಲೆಟರ್‌ನ ಕೆಳಗಿರುವ 21 ಅಕ್ಷರಗಳ ಕಂಪನಿ ಗುರುತಿನ ಸಂಖ್ಯೆಯನ್ನು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ತಾಣದಲ್ಲಿ ಹಾಕಿ ನಿಜವಾದ ಹೆಸರು ತಿಳಿದು, ಮತ್ತೆ ಹುಡುಕಿ. ಸಂಬಳ ಏಜೆನ್ಸಿಯ ಮೂಲಕ ಬರುವುದಾದರೆ ಪಿಎಫ್ ಕಟ್ಟುವುದು ಏಜೆನ್ಸಿಯೇ, ಅದರ ಹೆಸರು ಹುಡುಕಬೇಕು. ಸ್ವಂತ ಪಿಎಫ್ ಟ್ರಸ್ಟ್ ಇರುವ ದೊಡ್ಡ ಕಂಪನಿಗಳ ಮೊತ್ತ ಇಲ್ಲಿ ಕಡಿಮೆ ಕಾಣುತ್ತದೆ. 20ಕ್ಕಿಂತ ಕಡಿಮೆ ಜನರಿರುವ ಅಂಗಡಿ, ವರ್ಕ್‌ಶಾಪ್‌ಗಳಿಗೆ ಪಿಎಫ್ ಕಡ್ಡಾಯವೇ ಅಲ್ಲ, ಅವು ಪಟ್ಟಿಯಲ್ಲಿ ಇಲ್ಲದಿದ್ದರೆ ಅಚ್ಚರಿಯಿಲ್ಲ.

ಕೆಲಸಕ್ಕೆ ಸೇರಿದ ಮೇಲೆ ನಿಮ್ಮದೇ ಪಾಸ್‌ಬುಕ್ ನೋಡುವ ಅಭ್ಯಾಸವಿರಲಿ. 12 ಅಂಕಿಯ ಯುಎಎನ್, ಅಂದರೆ ನಿಮ್ಮ ಪಿಎಫ್ ಸಂಖ್ಯೆ, ಚಾಲ್ತಿಯಲ್ಲಿದ್ದು ಗುರುತಿನ ದಾಖಲೆಗಳು (ಕೆವೈಸಿ) ಸೇರಿದ್ದರೆ, ನೋಂದಾಯಿತ ಮೊಬೈಲ್‌ನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಟ್ಟರೂ ಖಾತೆಯಲ್ಲಿರುವ ಮೊತ್ತದ ಸಂದೇಶ ಬರುತ್ತದೆ. ಆದರೆ ಸಂದೇಶ ಮೊತ್ತ ಹೇಳುತ್ತದೆಯೇ ಹೊರತು ತಪ್ಪು ಹೇಳುವುದಿಲ್ಲ. ಪಾಸ್‌ಬುಕ್‌ನಲ್ಲಿ ಪ್ರತಿ ತಿಂಗಳಿಗೆ ಮೂರು ಅಂಕಿ ಇರುತ್ತವೆ. ಪಿಎಫ್ ಲೆಕ್ಕದ ಸಂಬಳ 15,000 ರೂಪಾಯಿ ಇದ್ದರೆ ನಿಮ್ಮ ಪಾಲು ಶೇ. 12ರಂತೆ 1,800, ಮಾಲೀಕರ ಪಾಲೂ 1,800, ಅದು 1,250 ಪಿಂಚಣಿಗೆ, 550 ಭವಿಷ್ಯ ನಿಧಿಗೆ ಎಂದು ಒಡೆದಿರುತ್ತದೆ. ಸಂಬಳ ಚೀಟಿಯಲ್ಲಿ 1,800 ಕಡಿತ ಇದ್ದು ಪಾಸ್‌ಬುಕ್‌ನಲ್ಲಿ ಆ ತಿಂಗಳ ಸಾಲೇ ಇಲ್ಲವಾದರೆ, ಎರಡರ ಪ್ರತಿಯನ್ನೂ ಸೇರಿಸಿ ಇಪಿಎಫ್‌ಐಜಿಎಂಎಸ್ ಎಂಬ ದೂರು ತಾಣದಲ್ಲಿ ಹಾಕಿ. ಬರೀ ಬಾಯಿಮಾತಿನ ದೂರಿಗಿಂತ ಈ ಎರಡು ಹಾಳೆಗೆ ಹೆಚ್ಚು ತೂಕ.

ಇಎಸ್‌ಐ (ನೌಕರರ ರಾಜ್ಯ ವಿಮೆ) ಲೆಕ್ಕ ಇನ್ನೂ ಸರಳ. ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರಿಗೆ ನೌಕರರ ಪಾಲು ಶೇ. 0.75, ಮಾಲೀಕರ ಪಾಲು ಶೇ. 3.25. 18,000 ಸಂಬಳಕ್ಕೆ 135 ಮತ್ತು 585. ಚೀಟಿಯಲ್ಲಿ ಕಡಿತವಾಗಿದ್ದೂ ಆಸ್ಪತ್ರೆಯಲ್ಲಿ ನಿಮ್ಮ ಹೆಸರು ತೋರದಿದ್ದರೆ ಹತ್ತಂಕಿಯ ವಿಮಾ ಸಂಖ್ಯೆ ಹಿಡಿದು ಇಎಸ್‌ಐ ಶಾಖಾ ಕಚೇರಿಗೆ ಹೋಗಿ.

ಪ್ರತಿ ತಿಂಗಳು ಪತ್ರಿಕೆಯಲ್ಲಿ ಬರುವ ಪಿಎಫ್‌ಗೆ ಇಷ್ಟು ಲಕ್ಷ ಹೊಸ ಸದಸ್ಯರು ಎಂಬ ಸುದ್ದಿಯೂ ಇದೇ ದಾಖಲೆಯಿಂದ ಹುಟ್ಟಿದ್ದು. ಅದು ಹೊಸದಾಗಿ ಸೇರಿದವರು, ಬಿಟ್ಟವರು, ಮರಳಿ ಬಂದವರ ನಿವ್ವಳ ಲೆಕ್ಕ. ಹತ್ತು ವರ್ಷದಿಂದ ಇದ್ದ ಕಾರ್ಖಾನೆ ಈ ತಿಂಗಳು ಪಿಎಫ್‌ಗೆ ಸೇರಿದರೂ ಹೊಸ ಸದಸ್ಯರು ಹುಟ್ಟುತ್ತಾರೆ, ಹೊಸ ಕೆಲಸ ಮಾತ್ರ ಹುಟ್ಟಿರುವುದಿಲ್ಲ. ಮುಂದಿನ ತಿಂಗಳುಗಳಲ್ಲಿ ಈ ಅಂಕಿಗಳು ಪರಿಷ್ಕೃತವಾಗುತ್ತವೆ, ಹಾಗಾಗಿ ಹೊಸ ತಿಂಗಳ ಅಂಕಿಯನ್ನು ಉದ್ಧರಿಸುವುದಾದರೆ ತಾತ್ಕಾಲಿಕ ಎಂದು ಬರೆಯಿರಿ.

ಕನಿಷ್ಠ ವೇತನ: ಯಾವ ಕಾಗದ, ಯಾವ ಸಾಲು

ಮೊದಲು ಕೇಂದ್ರವೋ ರಾಜ್ಯವೋ ತೀರ್ಮಾನವಾಗಬೇಕು. ರೈಲ್ವೆ, ಬ್ಯಾಂಕು, ವಿಮೆ, ಗಣಿ, ದೊಡ್ಡ ಬಂದರು, ದೂರಸಂಪರ್ಕ, ಕೇಂದ್ರ ಸರ್ಕಾರಿ ಉದ್ಯಮಗಳು ಕೇಂದ್ರದ ವ್ಯಾಪ್ತಿಗೆ ಬರುತ್ತವೆ. ದರಪಟ್ಟಿ ಮುಖ್ಯ ಕಾರ್ಮಿಕ ಆಯುಕ್ತರ ತಾಣದಲ್ಲಿರುತ್ತದೆ, ತುಟ್ಟಿಭತ್ಯೆ ಏಪ್ರಿಲ್ 1 ಮತ್ತು ಅಕ್ಟೋಬರ್ 1ರಂದು ಬದಲಾಗುತ್ತದೆ. ಉಳಿದ ಗಾರ್ಮೆಂಟ್, ಹೋಟೆಲು, ಅಂಗಡಿ, ಖಾಸಗಿ ಕಾರ್ಖಾನೆಗಳೆಲ್ಲ ರಾಜ್ಯದ ವ್ಯಾಪ್ತಿ. ಕರ್ನಾಟಕದ ಅಧಿಸೂಚನೆಗಳು ಕಾರ್ಮಿಕ ಇಲಾಖೆಯ ತಾಣದಲ್ಲೂ ರಾಜ್ಯಪತ್ರದಲ್ಲೂ ಸಿಗುತ್ತವೆ, ತುಟ್ಟಿಭತ್ಯೆ ಪ್ರತಿ ಏಪ್ರಿಲ್ 1ರಿಂದ ಬದಲಾಗುತ್ತದೆ. ಬೆಂಗಳೂರಿನ ಬ್ಯಾಂಕ್ ಶಾಖೆಯೊಂದರಲ್ಲಿ ಗುತ್ತಿಗೆದಾರನ ಕೈಕೆಳಗೆ ಕಸ ಗುಡಿಸುವವರು ರಾಜ್ಯದ ದರಪಟ್ಟಿ ಹಿಡಿದು ಕೂತರೆ ತಪ್ಪು ಪಟ್ಟಿ ಹಿಡಿದಂತೆ.

ನಂತರ ಅಧಿಸೂಚನೆಯ ತಲೆಬರಹ ಓದಿ. ಕರಡು ಎಂಬ ಪದ ಇದ್ದರೆ ಅಲ್ಲಿಗೇ ನಿಲ್ಲಿಸಿ. ಕರಡು ಆಕ್ಷೇಪಣೆ ಕೇಳಲು ಹೊರಡಿಸುವುದು, ಅದರಲ್ಲಿನ ದರ ಹಕ್ಕಾಗಿರುವುದಿಲ್ಲ. ಪತ್ರಿಕೆಗಳಲ್ಲಿ ಕೂಲಿ ಏರಿಕೆ ಎಂದು ದೊಡ್ಡದಾಗಿ ಬಂದು, ಮಾಲೀಕರು ಕೊಡುವುದಿಲ್ಲ ಎಂದಾಗ ಎರಡೂ ಕಡೆ ಜಗಳ ಹತ್ತುವುದು ಬಹುಪಾಲು ಈ ಕರಡಿನ ಕಾರಣಕ್ಕೆ. ಅಂತಿಮ ಅಧಿಸೂಚನೆಯಲ್ಲಿ ಜಾರಿಯ ದಿನಾಂಕ, ಉದ್ಯಮದ ಹೆಸರು, ವಲಯ, ಕೌಶಲದ ದರ್ಜೆ, ಮೂಲ ವೇತನ, ತುಟ್ಟಿಭತ್ಯೆ ಕೂಡುವ ಕ್ರಮ ಇರುತ್ತವೆ. ಅಕುಶಲ, ಅರೆಕುಶಲ, ಕುಶಲ, ಅತಿಕುಶಲ ಎಂಬ ದರ್ಜೆ ತೀರ್ಮಾನವಾಗುವುದು ಮಾಡುವ ಕೆಲಸದಿಂದ. ನೇಮಕಾತಿ ಪತ್ರದಲ್ಲಿ ಹೆಲ್ಪರ್ ಎಂದು ಬರೆದು ಮೆಷಿನ್ ಮೇಲೆ ಕೂರಿಸಿದ್ದರೆ, ನೋಡಬೇಕಾದ ಸಾಲು ಮೆಷಿನ್ ಆಪರೇಟರ್‌ನದು.

ಲೆಕ್ಕದ ಮಾದರಿಗೆ ಕೇಂದ್ರದ ಒಂದು ದರ ನೋಡೋಣ. 2024ರ ಅಕ್ಟೋಬರ್ 1ರಿಂದ ಎ ಪ್ರದೇಶದಲ್ಲಿ, ಅಂದರೆ ದೊಡ್ಡ ನಗರಗಳಲ್ಲಿ, ಕಟ್ಟಡ ನಿರ್ಮಾಣ, ಕಸ ಗುಡಿಸುವಿಕೆ, ಸರಕು ಏರಿಸಿ ಇಳಿಸುವ ಅಕುಶಲ ಕೆಲಸಕ್ಕೆ ದಿನಕ್ಕೆ 783 ರೂಪಾಯಿ ಎಂದಾಯಿತು. ತಿಂಗಳಿಗೆ 26 ದಿನದ ಲೆಕ್ಕ, ಅಂದರೆ 20,358. ತಿಂಗಳ ಸಂಬಳವನ್ನು 30ರಿಂದ ಭಾಗಿಸಿ ದಿನಗೂಲಿ ಕಟ್ಟಿದರೆ 678.60 ಬರುತ್ತದೆ, ದಿನಕ್ಕೆ ನೂರು ರೂಪಾಯಿಗೂ ಹೆಚ್ಚು ಖೋತಾ. ಎಂಟು ಗಂಟೆಯ ದಿನಕ್ಕೆ ಗಂಟೆಯ ದರ ಸುಮಾರು 97.88; ಓವರ್‌ಟೈಮ್‌ಗೆ ಇಮ್ಮಡಿ, 195.75. ಸಂಬಳ ಚೀಟಿಯೊಂದಿಗೆ ತಾಳೆ ಹಾಕುವಾಗ ಮೂಲ ವೇತನ ಮತ್ತು ತುಟ್ಟಿಭತ್ಯೆ ಮಾತ್ರ ಕೂಡಿಸಿ. ಹಾಜರಾತಿ ಬೋನಸ್ಸು, ಓವರ್‌ಟೈಮ್ ಹಣ, ಬಸ್ ಭತ್ಯೆ ಎಲ್ಲ ಸೇರಿಸಿ ಕನಿಷ್ಠ ವೇತನ ಮುಟ್ಟಿಸಿದ್ದೇವೆ ಎಂದು ತೋರಿಸುವುದು ಹಳೇ ಕೈಚಳಕ.

ಕಾನೂನಿನ ಹೆಸರು ಹುಡುಕುವಾಗ ದಿನಾಂಕದ ಮೇಲೆ ನಿಗಾ ಇರಲಿ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು 29 ಕೇಂದ್ರ ಕಾಯ್ದೆಗಳನ್ನು ಒಳಗೆ ಸೇರಿಸಿಕೊಂಡಿವೆ. ಅಂತರಜಾಲದಲ್ಲಿರುವ ಬಹುಪಾಲು ಬರಹಗಳು ಇನ್ನೂ 1948ರ ಕನಿಷ್ಠ ವೇತನ ಕಾಯ್ದೆಯ ಸೆಕ್ಷನ್ನುಗಳನ್ನೇ ಹೇಳುತ್ತವೆ. ದೂರು ಬರೆಯುವಾಗ ವೇತನ ಸಂಹಿತೆ 2019ರ ಪಠ್ಯವನ್ನು ಕೇಂದ್ರ ಕಾರ್ಮಿಕ ಸಚಿವಾಲಯದ ತಾಣದಿಂದಲೇ ತೆಗೆದುಕೊಳ್ಳಿ. ಅದರ ಪ್ರಕಾರ ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ, ಕೆಲಸ ಬಿಟ್ಟವರ ಅಥವಾ ಬಿಡಿಸಿದವರ ಬಾಕಿ ಎರಡು ಕೆಲಸದ ದಿನಗಳೊಳಗೆ ಬರಬೇಕು. ಬಾಕಿ ಕೇಳಲು ಮೂರು ವರ್ಷದ ಅವಧಿ ಇದೆ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ರಾಜ್ಯದ್ದು, ಆ 29ರ ಪಟ್ಟಿಯಲ್ಲಿಲ್ಲ.

ತುಟ್ಟಿಭತ್ಯೆಯ ಹಿಂದಿನ ಸೂಚ್ಯಂಕ

ಶಿಮ್ಲಾ ಮತ್ತು ಚಂಡೀಗಢದಲ್ಲಿ ಕಚೇರಿ ಇರುವ ಕಾರ್ಮಿಕ ಬ್ಯೂರೊ ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕವನ್ನು ತಿಂಗಳಿಗೊಮ್ಮೆ ಹೊರಡಿಸುತ್ತದೆ. ಈಗಿನ ಸರಣಿಯ ಆಧಾರ ವರ್ಷ 2016. ಹಳೆಯ 2001ರ ಸರಣಿಗೆ ತರಲು 2.88ರಿಂದ ಗುಣಿಸಬೇಕು. ಕೇಂದ್ರ ಸರ್ಕಾರಿ ನೌಕರರ ತುಟ್ಟಿಭತ್ಯೆಗೆ ಬಳಸುವ ಏಳನೇ ವೇತನ ಆಯೋಗದ ಸೂತ್ರ ಹಳೆಯ ಸರಣಿಯ ಮೇಲೆ ನಿಂತಿದೆ: 12 ತಿಂಗಳ ಸರಾಸರಿಯಿಂದ 261.42 ಕಳೆದು, ಬಂದದ್ದನ್ನು 261.42ರಿಂದ ಭಾಗಿಸಿ ನೂರರಿಂದ ಗುಣಿಸುವುದು. ಹೊಸ ಸರಣಿಯ ಸರಾಸರಿ 140 ಎಂದಿಟ್ಟುಕೊಳ್ಳಿ. 2.88ರಿಂದ ಗುಣಿಸಿದರೆ 403.2, ವ್ಯತ್ಯಾಸ 141.78, ಶೇ. 54.23, ದಶಮಾಂಶ ಬಿಟ್ಟು 54. ಗುಣಿಸುವುದನ್ನು ಮರೆತರೆ ಉತ್ತರ ಋಣಸಂಖ್ಯೆ ಬರುತ್ತದೆ, ತಪ್ಪು ತಾನಾಗಿಯೇ ಗೊತ್ತಾಗುತ್ತದೆ.

ಹಳ್ಳಿಯ ಕೂಲಿದರ ಬೇಕಾದವರಿಗೆ ಇದೇ ಬ್ಯೂರೊ ಉಳುಮೆ, ನಾಟಿ, ಗಾರೆ, ಬಡಗಿ ಮುಂತಾದ ಕಸುಬುಗಳಿಗೆ ರಾಜ್ಯವಾರು ಸರಾಸರಿ ದಿನಗೂಲಿಯನ್ನು ತಿಂಗಳಿಗೊಮ್ಮೆ ಕೊಡುತ್ತದೆ. ಗಂಡಸರದ್ದೂ ಹೆಂಗಸರದ್ದೂ ಬೇರೆ ಬೇರೆ ಕಾಲಂ. ಪಕ್ಕಪಕ್ಕ ಇಟ್ಟು ನೋಡಿ.

ಕೆಲಸ ಹುಡುಕುವವರಿಗೆ

ಕೇಂದ್ರದ ನ್ಯಾಷನಲ್ ಕೆರಿಯರ್ ಸರ್ವಿಸ್ ಪೋರ್ಟಲ್ 2015ರ ಜುಲೈನಲ್ಲಿ ಶುರುವಾಯಿತು, ನೋಂದಣಿಗೆ ಶುಲ್ಕವಿಲ್ಲ. ರಾಜ್ಯದಲ್ಲಿ ಸ್ಕಿಲ್ ಕನೆಕ್ಟ್ ಪೋರ್ಟಲ್ ಇದೆ, ಜಿಲ್ಲಾ ಉದ್ಯೋಗ ವಿನಿಮಯ ಕೇಂದ್ರಗಳಿವೆ. ಇಲ್ಲಿ ಜಾಹೀರಾತು ಕಂಡಿತೆಂದ ಮಾತ್ರಕ್ಕೆ ಸರ್ಕಾರ ಆ ಕಂಪನಿಗೆ ಜಾಮೀನು ನಿಂತಿದೆ ಎಂದಲ್ಲ, ಮೇಲೆ ಹೇಳಿದ ಪಿಎಫ್ ಪರೀಕ್ಷೆ ಇಲ್ಲಿಗೂ ಅನ್ವಯ. ಸರ್ಕಾರಿ ಹುದ್ದೆಗಳ ಅಧಿಸೂಚನೆಯನ್ನು ಕೆಪಿಎಸ್‌ಸಿ, ಕೆಇಎ, ಯುಪಿಎಸ್‌ಸಿ, ಎಸ್‌ಎಸ್‌ಸಿಗಳ ಸ್ವಂತ ತಾಣದಲ್ಲೇ ಓದಿ. ವಾಟ್ಸ್‌ಆ್ಯಪ್‌ನಲ್ಲಿ ಬರುವ ಕೊಂಡಿಯಲ್ಲಿ ತಾಣದ ಹೆಸರು ಡಾಟ್ ಗವ್ ಡಾಟ್ ಇನ್ ಅಥವಾ ಡಾಟ್ ನಿಕ್ ಡಾಟ್ ಇನ್ ಎಂದು ಮುಗಿಯುತ್ತದೆಯೇ ನೋಡಿ. ತಾಣದ ಹೆಸರಿನ ನಡುವೆ ಗವ್ ಎಂದಿದ್ದರೆ ಸಾಲದು, ಕೊನೆಯಲ್ಲಿರಬೇಕು.

ಅಸಂಘಟಿತ ವಲಯದವರಿಗೆ, 16ರಿಂದ 59 ವಯಸ್ಸಿನವರಿಗೆ, ಇ-ಶ್ರಮ್ ಎಂಬ ಕೇಂದ್ರದ ನೋಂದಣಿ ತಾಣ ಇದೆ, ಸಹಾಯವಾಣಿ 14434. ಇದರ 12 ಅಂಕಿಯ ಸಂಖ್ಯೆಯನ್ನೂ ಯುಎಎನ್ ಎಂದೇ ಕರೆಯುತ್ತಾರೆ. ಪಿಎಫ್‌ನ ಯುಎಎನ್ ಬೇರೆ, ಇದು ಬೇರೆ. ಒಂದರ ಜಾಗದಲ್ಲಿ ಇನ್ನೊಂದನ್ನು ತುಂಬಿ ಅರ್ಜಿ ತಿರಸ್ಕೃತವಾಗುವುದು ದಿನನಿತ್ಯದ ಗೋಳು.

ಗಲ್ಫ್‌ಗೆ ಹೊರಟವರು ಇ-ಮೈಗ್ರೇಟ್ ತಾಣದಲ್ಲಿ ಏಜೆಂಟರ ನೋಂದಣಿ ಸಂಖ್ಯೆ ಹಾಕಿ, ಪರವಾನಗಿ ಚಾಲ್ತಿಯಲ್ಲಿದೆಯೇ ಎಂದು ನೋಡಬೇಕು. ನೋಂದಾಯಿತ ಏಜೆಂಟರು ಕೆಲಸಗಾರರಿಂದ ಪಡೆಯಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಲಕ್ಷ ಕೇಳುವವರ ಬಳಿ ರಸೀದಿ ಕೇಳಿ ನೋಡಿ, ಮಾತಿನ ಧಾಟಿಯೇ ಬದಲಾಗುತ್ತದೆ.

ಕೆಲಸದ ಜಾಗದ ಸುರಕ್ಷತೆ, ದೂರು

ಕಾರ್ಖಾನೆಯ ಅಪಘಾತ, ಯಂತ್ರಕ್ಕೆ ಕವಚ ಇಲ್ಲದಿರುವುದು, ರಾಸಾಯನಿಕದ ಹೊಗೆ ಇವೆಲ್ಲ ಕಾರ್ಮಿಕ ಇಲಾಖೆಯ ಕೆಲಸವಲ್ಲ. ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯದು. ಸಂಬಳ, ರಜೆ, ಕೆಲಸದ ಅವಧಿ ಕಾರ್ಮಿಕ ನಿರೀಕ್ಷಕರ ವ್ಯಾಪ್ತಿ. ರಾಜ್ಯದ ಕಾರ್ಮಿಕ ಸಹಾಯವಾಣಿ 155214. ದೇಶಮಟ್ಟದ ಕಾರ್ಖಾನೆ ಅಪಘಾತದ ಅಂಕಿಗಳನ್ನು ಮುಂಬೈಯ ಕಾರ್ಖಾನೆ ಸಲಹಾ ಸೇವೆ ಮಹಾನಿರ್ದೇಶನಾಲಯ ಒಟ್ಟುಗೂಡಿಸುತ್ತದೆ, ಅವು ನೋಂದಾಯಿತ ಕಾರ್ಖಾನೆಗಳಿಗಷ್ಟೇ ಸಂಬಂಧಿಸಿದವು. ಬೀದಿಬದಿಯ ಗ್ಯಾರೇಜು, ಕಟ್ಟಡದ ಸಾರುವೆಯಿಂದ ಬಿದ್ದವರು ಅದರಲ್ಲಿಲ್ಲ. ಲೈಂಗಿಕ ಕಿರುಕುಳಕ್ಕೆ 2013ರ ಕಾಯ್ದೆಯಂತೆ ಹತ್ತು ಮತ್ತು ಹೆಚ್ಚು ಜನರಿರುವಲ್ಲಿ ಆಂತರಿಕ ಸಮಿತಿ, ಅದಕ್ಕಿಂತ ಚಿಕ್ಕ ಜಾಗಗಳಿಗೆ ಜಿಲ್ಲೆಯ ಸ್ಥಳೀಯ ಸಮಿತಿ ಇದೆ. ದೂರು ಕೊಡಲು ಮೂರು ತಿಂಗಳ ಅವಧಿ. ಕೇಂದ್ರದ ಶಿ-ಬಾಕ್ಸ್ ತಾಣದಲ್ಲೂ ದಾಖಲಿಸಬಹುದು.

ತಾಣದಲ್ಲಿ ಸಿಗದ್ದನ್ನು ಮಾಹಿತಿ ಹಕ್ಕಿನಲ್ಲಿ ಕೇಳುವುದು

ಶುಲ್ಕ ಹತ್ತು ರೂಪಾಯಿ, ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯದ್ದಾಗಿದ್ದು 150 ಪದ ಮೀರಬಾರದು. ಆದ್ದರಿಂದ ಪೀಠಿಕೆ, ಆಕ್ರೋಶ ಎಲ್ಲ ಬಿಟ್ಟು ದಾಖಲೆಯ ಹೆಸರು ಹಿಡಿದೇ ಕೇಳಿ. ನಮ್ಮ ತಾಲ್ಲೂಕಿನಲ್ಲಿ ಕನಿಷ್ಠ ವೇತನ ಏಕೆ ಕೊಡುತ್ತಿಲ್ಲ ಎಂದು ಕೇಳಿದರೆ, ಏಕೆ ಎಂಬುದು ದಾಖಲೆಯಲ್ಲ ಎಂಬ ಒಂದು ಸಾಲಿನ ಉತ್ತರ ಬರುತ್ತದೆ. ಹೀಗೆ ಬರೆಯಿರಿ:

"2024ರ ಏಪ್ರಿಲ್ 1ರಿಂದ 2025ರ ಮಾರ್ಚ್ 31ರವರೆಗೆ ತಮ್ಮ ಕಚೇರಿಯ ಕಾರ್ಮಿಕ ನಿರೀಕ್ಷಕರು ಕನಿಷ್ಠ ವೇತನ ಕಾಯ್ದೆಯಡಿ ತಪಾಸಣೆ ಮಾಡಿದ ಸಂಸ್ಥೆಗಳ ಹೆಸರು ಮತ್ತು ದಿನಾಂಕದ ಪಟ್ಟಿ, ಪ್ರತಿ ತಪಾಸಣಾ ವರದಿಯ ದೃಢೀಕೃತ ಪ್ರತಿ, ದಾಖಲಿಸಿದ ಪ್ರಕರಣಗಳ ಸಂಖ್ಯೆ ಹಾಗೂ ಅವುಗಳ ಈಗಿನ ಹಂತವನ್ನು ಒದಗಿಸುವುದು."

ಯಾವುದೋ ಒಬ್ಬ ನೌಕರನ ಸಂಬಳ, ಖಾತೆ, ವಿಳಾಸ ಕೇಳಿದರೆ ವೈಯಕ್ತಿಕ ಮಾಹಿತಿ ಎಂದು ನಿರಾಕರಿಸುತ್ತಾರೆ, ಅದರ ಜೊತೆಗೆ ಕೇಳಿದ ಉಳಿದದ್ದೂ ನೆನೆಗುದಿಗೆ ಬೀಳುತ್ತದೆ. ಅಂಥದ್ದನ್ನು ಸೇರಿಸಬೇಡಿ. ಅರ್ಜಿ ತಲುಪಿದ ಮುದ್ರೆ ಇರುವ ಪ್ರತಿ ಅಥವಾ ಆನ್‌ಲೈನ್ ನೋಂದಣಿ ಸಂಖ್ಯೆ ಜೋಪಾನ ಮಾಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಅರೆಬರೆಯಾಗಿದ್ದರೆ, ಮುಂದಿನ 30 ದಿನದೊಳಗೆ ಅದೇ ಕಚೇರಿಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ ಹೋಗಬೇಕು. ದಿನ ಎಣಿಸುವುದು ಅರ್ಜಿ ಅಂಚೆಗೆ ಹಾಕಿದಂದಿನಿಂದಲ್ಲ, ಕಚೇರಿಗೆ ತಲುಪಿದಂದಿನಿಂದ.